ರಿಟೈರ್ ಆಗೋಕೆ ಇನ್ನು ಒಂದೂವರೆ ವರ್ಷ, ಎಷ್ಟು ಕಟ್ಟಬಹುದು?

ಫೆಬ್ರವರಿ ಬಂತು ಅಂದ್ರೆ ನಮ್ಮ ಕಡೆ ಎರಡೇ ಕೆಲಸ, ತೋಟದವರಿಗೆ ರೋಬಸ್ಟಾ ಕುಯ್ಯೋದು, ಮೇಷ್ಟ್ರುಗಳಿಗೆ ಟ್ಯಾಕ್ಸ್ ಲೆಕ್ಕ ಕೊಡೋದು. ಸ್ಟಾಫ್ ರೂಮಲ್ಲಿ ಯಾರೋ ಒಬ್ರು ಕ್ಯಾಲ್ಕುಲೇಟರ್ ಇಟ್ಕೊಂಡು ಕೂತಿರ್ತಾರೆ, ಸುತ್ತ ನಾಲ್ಕು ಜನ ಪೇ ಸ್ಲಿಪ್ ಹಿಡ್ಕೊಂಡು ನಿಂತಿರ್ತಾರೆ, ಫೆಬ್ರವರಿ ಸಂಬಳದಲ್ಲಿ ಎಷ್ಟು ಹಿಡೀತಾರೋ ಅನ್ನೋ ಭಯ. ನಾನು ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ ಪಾಸ್ ಮಾಡಿ ಬಂದವನು, ಈ ಸೀಸನ್ ನಂಗೆ ಚೆನ್ನಾಗಿ ಗೊತ್ತು. ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಎಲ್ರೂ ರಿಟೈರ್‌ಮೆಂಟ್ ಹತ್ರ ಇರೋ ಟೀಚರ್‌ಗಳೇ, ಎಲ್ಲರದ್ದೂ ಲಿಮಿಟ್ ಎಷ್ಟು ಅನ್ನೋದೇ ಪ್ರಶ್ನೆ. ಕೆಳಗಿರೋ ಸೆಕ್ಷನ್ ನಂಬರ್‌ಗಳೆಲ್ಲ 2025-26ರ ಲೆಕ್ಕಕ್ಕೆ ಮಾತ್ರ ಅಂತ ಇಟ್ಕೊಳಿ, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬರುತ್ತೆ, ನಂಬರ್‌ಗಳು ಬದಲಾಗ್ತವೆ.

ಪ್ರಶ್ನೆ: ಸಾರ್, ನಾನು ಅರಕಲಗೂಡು ಕಡೆ ಸರ್ಕಾರಿ ಹೈಸ್ಕೂಲ್ ಟೀಚರ್. ಕೆಲಸ ಸಿಕ್ಕಿದ್ದು 2008ರಲ್ಲಿ, ಆಗ್ಲೇ 41 ವರ್ಷ. ಎನ್‌ಪಿಎಸ್, ಅಂದ್ರೆ ಹೊಸ ಪೆನ್ಷನ್ ಸ್ಕೀಮ್‌ನವಳು. 2027 ಜೂನ್‌ಗೆ ರಿಟೈರ್‌ಮೆಂಟ್. ಬೇಸಿಕ್ ಡಿಎ ಸೇರಿ 88,000 ಬರುತ್ತೆ. ಎನ್‌ಪಿಎಸ್‌ನಲ್ಲಿ ಈಗ 32 ಲಕ್ಷ ಇದೆ. ಸಹೋದ್ಯೋಗಿ ಒಬ್ರು ಇನ್ನೂ 50,000 ಎಕ್ಸ್‌ಟ್ರಾ ಕಟ್ಟಿ ಮೇಡಂ, ಟ್ಯಾಕ್ಸ್ ಉಳಿಯುತ್ತೆ, ಪೆನ್ಷನ್ನೂ ಜಾಸ್ತಿ ಆಗುತ್ತೆ ಅಂತಿದಾರೆ. ನಮ್ಮ ಮನೆಯವ್ರು ಬೇಡ ಅಂತಾರೆ. ಮ್ಯಾಕ್ಸಿಮಮ್ ಎಷ್ಟು ಕಟ್ಟಬಹುದು?

ಉತ್ತರ: ಮೇಡಂ, ಮೊದ್ಲು ಒಂದು ಗೋಜಲು ಬಿಡಿಸೋಣ. ಎನ್‌ಪಿಎಸ್‌ನ ಮುಖ್ಯ ಪೆನ್ಷನ್ ಅಕೌಂಟ್, ಟಿಯರ್ ಒಂದರಲ್ಲಿ ಇಷ್ಟೇ ಕಟ್ಟಬೇಕು ಅಂತ ಮೇಲಿನ ಮಿತಿನೇ ಇಲ್ಲ. ಪ್ರಾನ್, ಅಂದ್ರೆ ಎನ್‌ಪಿಎಸ್ ಅಕೌಂಟ್ ನಂಬರ್ ಇದ್ರೆ ಆನ್‌ಲೈನ್‌ನಲ್ಲೇ ಹತ್ತು ಲಕ್ಷ ಬೇಕಾದ್ರೂ ಹಾಕಿ, ಯಾರೂ ಬೇಡ ಅನ್ನಲ್ಲ. ಜನ ಲಿಮಿಟ್ ಲಿಮಿಟ್ ಅಂತಾರಲ್ಲ 50,000, 1.5 ಲಕ್ಷ ಅಂತ, ಅದು ಟ್ಯಾಕ್ಸ್ ವಿನಾಯಿತಿ ಎಷ್ಟರವರೆಗೆ ಸಿಗುತ್ತೆ ಅನ್ನೋ ಮಿತಿ, ಕಟ್ಟೋ ಮಿತಿ ಅಲ್ಲ. ಇವೆರಡನ್ನ ಕಲಸಿಬಿಟ್ಟೇ ಸ್ಟಾಫ್ ರೂಮಲ್ಲಿ ಅರ್ಧ ಜಗಳ ಆಗೋದು.

ಈಗ ನಿಮ್ಮ ಪೇ ಸ್ಲಿಪ್ ತಗೊಳಿ. ಬೇಸಿಕ್ ಡಿಎ 88,000 ಅಂದ್ರೆ ನಿಮ್ಮ ಪಾಲಿನ ಹತ್ತು ಪರ್ಸೆಂಟ್ ತಿಂಗಳಿಗೆ 8,800, ವರ್ಷಕ್ಕೆ 1,05,600 ಆಗ್ಲೇ ಕಟ್ ಆಗ್ತಿದೆ. ಸರ್ಕಾರ ಹಾಕೋ ಪಾಲು ಬೇರೆ, ಅದಕ್ಕೆ 80ಸಿಸಿಡಿ(2)ರಲ್ಲಿ ಬೇಸಿಕ್ ಡಿಎಯ 14 ಪರ್ಸೆಂಟ್‌ವರೆಗೆ ವಿನಾಯಿತಿ ಇದೆ, ಟ್ಯಾಕ್ಸ್ ಲೆಕ್ಕದ ಹಳೇ ಪದ್ಧತಿ (ರೆಜೀಮ್) ಹೊಸ ಪದ್ಧತಿ ಎರಡರಲ್ಲೂ, ಅದ್ರ ತಲೆನೋವು ನಿಮಗೆ ಬೇಡ.

ನಿಮ್ಮ ಸಹೋದ್ಯೋಗಿ ಹೇಳ್ತಿರೋ 50,000 ಅಂದ್ರೆ 80ಸಿಸಿಡಿ(1ಬಿ). ಅದು ಹಳೇ ರೆಜೀಮ್‌ನಲ್ಲಿ ಮಾತ್ರ. ನೀವು ಯಾವ ರೆಜೀಮ್ ಅಂತ ಬರೆದಿಲ್ಲ. ಹೋಂ ಲೋನ್ ಇಲ್ಲ, ಬಾಡಿಗೆ ಮನೆ ಅಲ್ಲ ಅಂದ್ರೆ ಬಹುಶಃ ಹೊಸದರಲ್ಲೇ ಇರ್ತೀರ, ಯಾಕಂದ್ರೆ ಸುಮ್ಮನಿದ್ರೆ ಅದೇ ಆಗೋದು. ಹೊಸ ರೆಜೀಮ್‌ನಲ್ಲಿ ಈ ವರ್ಷ ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದವರೆಗೆ ಟ್ಯಾಕ್ಸ್ ಸೊನ್ನೆ. ನಿಮ್ಮದು ಎಚ್‌ಆರ್‌ಎ ಗಿಚ್‌ಆರ್‌ಎ ಎಲ್ಲ ಸೇರಿ ಹನ್ನೊಂದು, ಹನ್ನೊಂದೂವರೆ ಲಕ್ಷ ಆಗಬಹುದು. ಅಂದ್ರೆ ಟ್ಯಾಕ್ಸೇ ಇಲ್ಲ. ಇಲ್ಲದೇ ಇರೋ ಟ್ಯಾಕ್ಸ್ ಉಳಿಸೋಕೆ ಐವತ್ತು ಸಾವಿರ ಯಾಕೆ ಹಾಕ್ತೀರಿ?

ಹಳೇ ರೆಜೀಮ್‌ನಲ್ಲೇ ಇದೀರಿ ಅಂತಾನೇ ಇಟ್ಕೊಳಿ, ಆಗ್ಲೂ ಹೊಸ ದುಡ್ಡು ಹಾಕಬೇಕಾಗಿಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಈಗ ಕಟ್ ಆಗ್ತಿರೋ 1,05,600ರಲ್ಲೇ 50,000ನ (1ಬಿ) ಕೆಳಗೆ ತೋರಿಸಿ, ಮಿಕ್ಕ 55,600ನ 80ಸಿ ಜೊತೆ 1.5 ಲಕ್ಷದ ಬುಟ್ಟಿಗೆ ಹಾಕಿ. ಆ ಬುಟ್ಟಿಲಿ ಸರ್ಕಾರಿ ನೌಕರರ ವಿಮೆ ಕೆಜಿಐಡಿ, ಎಲ್‌ಐಸಿ ಪ್ರೀಮಿಯಂ ಎಲ್ಲ ಸೇರುತ್ತೆ, ಹೇಗೂ ತುಂಬುತ್ತೆ. ಒಂದೇ ರೂಪಾಯಿನ ಎರಡೂ ಕಡೆ ತೋರಿಸೋ ಹಾಗಿಲ್ಲ, ಅಷ್ಟೇ. ಸಂಬಳದ ಬಿಲ್‌ಗೆ ಸೈನ್ ಹಾಕೋ ಅಧಿಕಾರಿ, ಡಿಡಿಓಗೆ ಕೊಡೋ ಡಿಕ್ಲರೇಶನ್‌ನಲ್ಲಿ ಹೀಗೆ ಒಡೆದು ಬರೀರಿ. ಹೈಸ್ಕೂಲಿಗೆ ಡಿಡಿಓ ನಿಮ್ಮ ಹೆಡ್‌ಮಾಸ್ಟ್ರೇ ತಾನೆ, ಪಕ್ಕದ ರೂಮು.

ಇನ್ನು ಪೆನ್ಷನ್ ಜಾಸ್ತಿ ಆಗುತ್ತೆ ಅಂದ್ರಲ್ಲ, ಅದನ್ನೂ ನೋಡೇಬಿಡೋಣ. ಈ ವರ್ಷ 50,000, ಬರೋ ವರ್ಷ 50,000, ಒಟ್ಟು ಒಂದು ಲಕ್ಷ ಹಾಕಿದ್ರಿ. ಅರವತ್ತಕ್ಕೆ ಅದರಲ್ಲಿ 60,000 ಕೈಗೆ ವಾಪಸ್ ಬರುತ್ತೆ, 40,000 ಆನ್ಯುಯಿಟಿಗೆ, ಅಂದ್ರೆ ಪೆನ್ಷನ್ ಕೊಡೋ ಪಾಲಿಸಿಗೆ ಹೋಗುತ್ತೆ. ಆನ್ಯುಯಿಟಿ ಆರು ಪರ್ಸೆಂಟ್ ಅಂತ ಹಿಡಿದ್ರೆ ವರ್ಷಕ್ಕೆ 2,400. ತಿಂಗಳಿಗೆ ಇನ್ನೂರು ರೂಪಾಯಿ ಮೇಡಂ. ನಿಮ್ಮ ಮನೆಯವ್ರು ಬೇಡ ಅಂದಿದ್ದು ಸರೀನೇ ಇದೆ, ಆದ್ರೆ ನಾನು ಹೇಳ್ದೆ ಅಂತ ಹೇಳ್ಬೇಡಿ.

ಅದೇ ಲೆಕ್ಕದಲ್ಲಿ ನಿಮ್ಮ 32 ಲಕ್ಷನೂ ನೋಡಿ, ಈಗ ಗೊತ್ತಾದ್ರೆ ವಾಸಿ, 2027ರಲ್ಲಿ ಗೊತ್ತಾದ್ರೆ ಎದೆ ಧಸಕ್ ಅನ್ನುತ್ತೆ. 60 ಪರ್ಸೆಂಟ್ ಅಂದ್ರೆ 19,20,000 ಟ್ಯಾಕ್ಸ್ ಇಲ್ಲದೆ ಕೈಗೆ. 12,80,000 ಆನ್ಯುಯಿಟಿಗೆ, ಅದೇ ಆರು ಪರ್ಸೆಂಟ್‌ಗೆ ವರ್ಷಕ್ಕೆ 76,800, ತಿಂಗಳಿಗೆ 6,400. ಪಕ್ಕದ ಬೆಂಚಲ್ಲಿ ಕೂರೋ ಹಳೇ ಪೆನ್ಷನ್ ಮೇಷ್ಟ್ರ ಪಕ್ಕ ಇದನ್ನ ಇಟ್ಟು ನೋಡೋಕೇ ಹೋಗ್ಬೇಡಿ. ಹಾಗಾಗಿ ನಿಮ್ಮ ಕೆಲಸ ಇರೋದು ಎನ್‌ಪಿಎಸ್‌ಗೆ ಇನ್ನಷ್ಟು ತುಂಬೋದ್ರಲ್ಲಿ ಅಲ್ಲ, ಆ 19 ಲಕ್ಷ ಚಿಲ್ಲರೆನ ಎಲ್ಲಿ ಇಡ್ತೀರಿ ಅನ್ನೋದ್ರಲ್ಲಿ. ಸೀನಿಯರ್ ಸಿಟಿಜನ್ ಸ್ಕೀಮ್ ವಿಷಯ ಕೆಳಗೆ ಇನ್ನೊಬ್ಬರಿಗೆ ಬರೆದಿದೀನಿ, ಅದನ್ನ ಎರಡು ಸಲ ಓದಿ. ಈಗ ಎಕ್ಸ್‌ಟ್ರಾ ಉಳಿಯೋ ದುಡ್ಡು ಇದ್ರೆ ಪೋಸ್ಟಾಫೀಸ್ ಆರ್‌ಡಿ ಆಗ್ಲಿ ಬ್ಯಾಂಕ್ ಎಫ್‌ಡಿ ಆಗ್ಲಿ, ಒಂದೂವರೆ ವರ್ಷಕ್ಕೆ ಅದೇ ಸಾಕು.

ಇನ್ನೊಂದು, ಎನ್‌ಪಿಎಸ್ ಸ್ಟೇಟ್‌ಮೆಂಟ್ ಪೂರ್ತಿ ಡೌನ್‌ಲೋಡ್ ಮಾಡಿ 2008ರಿಂದ ಪ್ರತಿ ತಿಂಗಳು ಬಂದಿದ್ಯಾ ಅಂತ ಪೆನ್ಸಿಲ್ ಇಟ್ಕೊಂಡು ಟಿಕ್ ಮಾಡಿ. ಟ್ರಾನ್ಸ್‌ಫರ್ ಆದ ತಿಂಗಳು, ಮೆಡಿಕಲ್ ಲೀವ್ ತಗೊಂಡ ತಿಂಗಳು, ಸಂಬಳ ಲೇಟಾಗಿ ಅರಿಯರ್ಸ್ ಆಗಿ ಬಂದ ತಿಂಗಳು, ಅಲ್ಲೇ ತೂತು ಇರೋದು. ನಾಮಿನಿ ಹೆಸರು ಕೂಡ ನೋಡಿ, ಎಷ್ಟೋ ಜನರದ್ದು ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇರುತ್ತೆ.

ಪ್ರಶ್ನೆ: ಕಡೂರಿನಿಂದ ಬರೀತಿದೀನಿ. 1993ರಲ್ಲಿ ಸೇರಿದ್ದು, ಹಳೇ ಪೆನ್ಷನ್. ರಿಟೈರ್‌ಮೆಂಟ್‌ಗೆ ಹತ್ತು ತಿಂಗಳಿದೆ. ಸರ್ಕಾರಿ ನೌಕರರ ಪ್ರಾವಿಡೆಂಟ್ ಫಂಡ್, ಜಿಪಿಎಫ್‌ಗೆ ತಿಂಗಳಿಗೆ 45,000 ಹಿಡಿಸ್ತಿದೀನಿ. 5 ಲಕ್ಷ ದಾಟಿದ್ರೆ ಜಿಪಿಎಫ್ ದುಡ್ಡಿಗೆಲ್ಲ ಟ್ಯಾಕ್ಸ್ ಬೀಳುತ್ತೆ ಅಂತ ಹೆದರಿಸ್ತಿದಾರೆ, ನಿಜಾನಾ?

ಉತ್ತರ: ಮೇಷ್ಟ್ರೇ, ನೀವು ಪುಣ್ಯವಂತರು, ಆ ಕಡೆ ಅರಕಲಗೂಡಿನ ಮೇಡಂ ಪತ್ರ ಓದಿದ್ರೆ ಗೊತ್ತಾಗುತ್ತೆ. ಹಳೇ ಪೆನ್ಷನ್ ನಿಂತು ಎನ್‌ಪಿಎಸ್ ಶುರುವಾದ 2006ರ ಏಪ್ರಿಲ್ 1 ಅನ್ನೋ ಒಂದು ತಾರೀಕು ಎಷ್ಟು ಮನೆ ಲೆಕ್ಕನ ತಲೆಕೆಳಗು ಮಾಡಿದೆ ಅಂದ್ರೆ, ಆ ತಾರೀಕಿಗೆ ಮುಂಚೆ ನೇಮಕಾತಿ ನೋಟಿಫಿಕೇಶನ್ ಆಗಿ ಆಮೇಲೆ ಆರ್ಡರ್ ಸಿಕ್ಕಿದ ಸುಮಾರು 13,000 ನೌಕರರಿಗೆ ಹಳೇ ಪೆನ್ಷನ್‌ಗೆ ಬರೋ ಅವಕಾಶ ಸಿಕ್ಕಿದ್ದು 2024ರ ಜನವರಿಯಲ್ಲಿ.

ನಿಮ್ಮ ವಿಷಯಕ್ಕೆ ಬರ್ತೀನಿ. ಹೆದರಿಸಿದವರು ಅರ್ಧ ಸರಿ ಹೇಳಿದಾರೆ. 2021ರ ಏಪ್ರಿಲ್‌ನಿಂದ, ಸರ್ಕಾರ ಪಾಲು ಹಾಕದ ಜಿಪಿಎಫ್ ಥರದ ಫಂಡ್‌ನಲ್ಲಿ ವರ್ಷಕ್ಕೆ 5 ಲಕ್ಷದ ಮೇಲೆ ಕಟ್ಟಿದ್ರೆ ಆ ಮೇಲಿನ ಭಾಗಕ್ಕೆ ಬರೋ ಬಡ್ಡಿಗೆ ಮಾತ್ರ ಟ್ಯಾಕ್ಸ್. ಅಸಲಿಗೆ ಇಲ್ಲ, ಹಳೇ ಬ್ಯಾಲೆನ್ಸಿಗೆ ಇಲ್ಲ, 5 ಲಕ್ಷದೊಳಗಿನ ಬಡ್ಡಿಗೂ ಇಲ್ಲ. ನಿಮ್ಮದು 45,000 ಇಂಟು 12, 5,40,000. ಹೆಚ್ಚಾಗಿದ್ದು 40,000. ಅದಕ್ಕೆ 7.1 ಪರ್ಸೆಂಟ್ ಬಡ್ಡಿ ಪೂರ್ತಿ ವರ್ಷಕ್ಕೆ ಅಂದ್ರೂ 2,840, ಅದರ ಮೇಲೆ ಟ್ಯಾಕ್ಸ್ ಅಂದ್ರೆ ಐನೂರೋ ಎಂಟುನೂರೋ ಆಗುತ್ತೆ. ಇದಕ್ಕೆ ನಿದ್ದೆ ಕೆಡಿಸ್ಕೊಂಡ್ರಾ! ಆದ್ರೂ ತಲೆನೋವು ಬೇಡ ಅಂದ್ರೆ ತಿಂಗಳಿಗೆ 41,600 ಮಾಡಿಸಿ, ವರ್ಷಕ್ಕೆ 4,99,200 ಆಗುತ್ತೆ, ಗೆರೆ ಒಳಗೇ ಇರ್ತೀರಿ.

ಟ್ಯಾಕ್ಸ್‌ಗಿಂತ ನೀವು ನೋಡಬೇಕಾದ್ದು, ಕೊನೇ ಕೆಲವು ತಿಂಗಳು ಜಿಪಿಎಫ್ ಕಟಿಂಗ್ ನಿಲ್ಲಿಸಿ ಫೈನಲ್ ವಿತ್‌ಡ್ರಾಯಲ್ ಪೇಪರ್ ಅಕೌಂಟೆಂಟ್ ಜನರಲ್ (ಎಜಿ) ಆಫೀಸಿಗೆ ಹೋಗಬೇಕು. ಯಾವ ತಿಂಗಳಿಂದ ನಿಲ್ಲಿಸ್ತಾರೆ ಅಂತ ಈಗ್ಲೇ ಬಿಲ್ ಮಾಡೋ ಕ್ಲರ್ಕ್‌ನ ಕೇಳಿ ಬರ್ಕೊಳಿ. ಎಜಿಯವರ ವಾರ್ಷಿಕ ಸ್ಲಿಪ್‌ನಲ್ಲಿ ಮಿಸ್ಸಿಂಗ್ ಕ್ರೆಡಿಟ್ ಇದ್ರೆ ಈಗ ಬರೆದು ಕೇಳಿ, ಸೆಂಡಾಫ್ ಆದ್ಮೇಲೆ ಹಳೇ ಶೆಡ್ಯೂಲ್ ಹುಡುಕಿ ಕೊಡಿ ಅಂದ್ರೆ ಯಾವ ಆಫೀಸಲ್ಲೂ ಅಷ್ಟು ಬೇಗ ಬೀರು ತೆಗೆಯಲ್ಲ.

ಪ್ರಶ್ನೆ: ನಾನು ಸಕಲೇಶಪುರದ ಖಾಸಗಿ ಶಾಲೆಲಿ ಹಿಂದಿ ಟೀಚರ್, 57 ವರ್ಷ. ಸಂಬಳ 24,000, ಪಿಎಫ್ 1,800 ಹಿಡೀತಾರೆ. ನಾನೇ ಜಾಸ್ತಿ ಹಿಡ್ಸೋಕೆ ಆಗುತ್ತಾ? ಮ್ಯಾನೇಜ್‌ಮೆಂಟ್‌ನವ್ರು ರೂಲ್ಸ್ ಇಲ್ಲ ಅಂತಾರೆ.

ಉತ್ತರ: ರೂಲ್ಸ್ ಇದೆ. 15,000ದ ಮೇಲೆ 12 ಪರ್ಸೆಂಟ್ ಅಂತ 1,800 ಹಿಡೀತಿದಾರೆ, ಅದು ಕಡ್ಡಾಯದ ಲೆಕ್ಕ. ಅದರ ಮೇಲೆ ವಾಲಂಟರಿ ಪಿಎಫ್ ಅಂತ ನಿಮ್ಮ ಬೇಸಿಕ್ ಡಿಎ ಪೂರ್ತಿ ಆಗೋವರೆಗೂ ಹಾಕಬಹುದು. ಮ್ಯಾನೇಜ್‌ಮೆಂಟ್ ಅದಕ್ಕೆ ಸಮವಾಗಿ ಹಾಕಬೇಕಾಗಿಲ್ಲ, ಬಹುಶಃ ಅವ್ರ ಭಯ ಅದೇ, ಅದನ್ನ ಬಿಡಿಸಿ ಹೇಳಿ ಒಂದು ಲೆಟರ್ ಕೊಡಿ. ನಿಮ್ಮ ಥರ ಪಿಎಫ್‌ಗೆ ಟ್ಯಾಕ್ಸ್ ಗೆರೆ 2.5 ಲಕ್ಷ, 24,000 ಸಂಬಳದಲ್ಲಿ ಹೆಚ್ಚುಕಮ್ಮಿ ಪೂರ್ತಿ ಹಾಕದ ಹೊರತು ಅದನ್ನ ದಾಟೋ ಮಾತೇ ಇಲ್ಲ. 2024-25ಕ್ಕೆ ಬಡ್ಡಿ 8.25 ಪರ್ಸೆಂಟ್ ಕೊಟ್ರು, ಇವತ್ತಿನ ಎಫ್‌ಡಿಗಿಂತ ಚೆನ್ನಾಗೇ ಇದೆ. ತಿಂಗಳಿಗೆ ಮೂರು, ನಾಲ್ಕು ಸಾವಿರ ಬಿಟ್ಟಿರೋಕೆ ಆಗುತ್ತೆ ಅಂದ್ರೆ ಖಂಡಿತ ಹಾಕಿ.

58 ತುಂಬಿದ ಮೇಲೂ ಪಾಠ ಮುಂದುವರಿಸ್ತೀರಿ ಅಂದ್ರೆ ಪೆನ್ಷನ್ ಫಂಡ್‌ಗೆ ಹೋಗ್ತಿದ್ದ 1,250 ನಿಲ್ಲುತ್ತೆ, ಮ್ಯಾನೇಜ್‌ಮೆಂಟ್ ಪಾಲು ಪೂರ್ತಿ ಪಿಎಫ್‌ಗೇ ಬರಬೇಕು. ಇದನ್ನ ಆಫೀಸಿನವರು ಮರೀತಾರೆ, ನೀವು ನೆನಪಿಸಿ. ಪೆನ್ಷನ್‌ಗೆ ಹತ್ತು ವರ್ಷ ಸರ್ವೀಸ್ ಇರಲೇಬೇಕು, ಹಿಂದೆ ಬೇರೆ ಶಾಲೆಲಿ ಇದ್ದು ಅಲ್ಲಿನ ಪಿಎಫ್ ಹಾಗೇ ಬಿಟ್ಟಿದ್ರೆ ಇಲ್ಲಿಗೆ ಸೇರಿಸ್ಕೊಳಿ. ಮತ್ತೆ ದಯವಿಟ್ಟು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ, ಸಂಬಳದಲ್ಲಿ ಹಿಡಿದಿದ್ದೆಲ್ಲ ಅಲ್ಲಿ ಬಂದಿದ್ಯಾ ಅಂತ. ನಮ್ಮ ಅತ್ತಿಗೆ ಒಂದು ಶಾಲೆಲಿ ಹನ್ನೊಂದು ವರ್ಷ ಇದ್ರು, ನೋಡಿದ್ರೆ ಎರಡು ವರ್ಷದ್ದು ಕಟ್ಟೇ ಇರಲಿಲ್ಲ, ಆಮೇಲೆ ಓಡಾಡಿದ್ದು ಹೇಳಿದ್ರೆ ಅದೇ ಒಂದು ಪುರಾಣ ಆಗುತ್ತೆ.

ಪ್ರಶ್ನೆ: ಮೂಡಿಗೆರೆಯಿಂದ. ನನ್ನ ತಂಗಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸರ್ಕಾರಿ ಶಾಲೆ ಗಣಿತದ ಟೀಚರ್, ಈ ವರ್ಷ 61. ಅಲ್ಲಿ ವಯಸ್ಸಾದವರಿಗೆ ಜಾಸ್ತಿ ಕಟ್ಟೋಕೆ ಬಿಡ್ತಾರಂತೆ, ನಮ್ಮಲ್ಲಿ ಯಾಕಿಲ್ಲ ಅಂತ ಫೋನಲ್ಲಿ ನಮಗೇ ಪಾಠ ಮಾಡ್ತಾಳೆ. ಹೌದಾ ಸಾರ್?

ಉತ್ತರ: ತಂಗಿ ಹೇಳ್ತಿರೋದು ನಿಜ, ಟೀಚರ್ ಅಲ್ವಾ, ಪಾಠ ಬಿಡಲ್ಲ. ಅಲ್ಲಿ ಶಾಲೆಯವರಿಗೆ 403(ಬಿ) ಅಂತ ಒಂದು ಪ್ಲಾನ್. ಅಲ್ಲಿ ನಿಜವಾಗ್ಲೂ ಕಟ್ಟೋದಕ್ಕೇ ಮಿತಿ, ನಮ್ಮ ಹಾಗೆ ವಿನಾಯಿತಿಗೆ ಮಾತ್ರ ಅಲ್ಲ. 2026ಕ್ಕೆ ಸಂಬಳದಿಂದ ಹಿಡಿಸಬಹುದಾದ್ದು 24,500 ಡಾಲರ್. 50 ದಾಟಿದವರಿಗೆ ಅದರ ಮೇಲೆ 8,000, ಕ್ಯಾಚ್ ಅಪ್ ಅಂತಾರೆ, ಸಣ್ಣ ವಯಸ್ಸಲ್ಲಿ ಕಟ್ಟೋಕಾಗದೆ ಹಿಂದೆ ಬಿದ್ದಿದ್ದನ್ನ ಈಗ ಓಡಿ ಹಿಡಿಯೋದು ಅಂತ. ನಿಮ್ಮ ತಂಗಿಗೆ ಇನ್ನೂ ಜಾಸ್ತಿ, 60ರಿಂದ 63 ವಯಸ್ಸಿನವರಿಗೆ 8,000ದ ಬದಲು 11,250, ಅವ್ರ ಪ್ಲಾನ್ ಅದನ್ನ ಒಪ್ಪಿದ್ರೆ. ಒಟ್ಟು 35,750 ಡಾಲರ್. 64 ಆಗೋ ವರ್ಷಕ್ಕೆ ಮತ್ತೆ 8,000ಕ್ಕೇ ಇಳಿಯುತ್ತೆ, ಅದೇನು ಲೆಕ್ಕಾನೋ ಅಲ್ಲಿನ ಸಂಸತ್ತಿಗೇ ಗೊತ್ತು.

ಅವ್ರ ಶಾಲೆಲಿ 457(ಬಿ) ಅನ್ನೋ ಇನ್ನೊಂದು ಪ್ಲಾನೂ ಇದ್ರೆ ಅದಕ್ಕೆ ಬೇರೇನೇ 24,500 ಮಿತಿ, ಒಂದರಲ್ಲಿ ಕಟ್ಟಿದ್ದು ಇನ್ನೊಂದಕ್ಕೆ ಅಡ್ಡ ಬರಲ್ಲ. ಅದರಲ್ಲಿ ರಿಟೈರ್‌ಮೆಂಟ್‌ಗೆ ಮುಂಚಿನ ಮೂರು ವರ್ಷ, ಹಿಂದಿನ ವರ್ಷಗಳಲ್ಲಿ ಕಟ್ಟದೆ ಬಿಟ್ಟಿದ್ದು ಇದ್ರೆ ಎರಡರಷ್ಟು, ಅಂದ್ರೆ 49,000ದವರೆಗೂ ಬಿಡ್ತಾರೆ, ಆದ್ರೆ ವಯಸ್ಸಿನ ಕ್ಯಾಚ್ ಅಪ್ಪೂ ಇದೂ ಒಟ್ಟಿಗೆ ಸಿಗಲ್ಲ. 15 ವರ್ಷ ಒಂದೇ ಕಡೆ ಸರ್ವೀಸ್ ಆದವರಿಗೆ 403(ಬಿ)ಯಲ್ಲಿ ವರ್ಷಕ್ಕೆ 3,000ದ ಹಾಗೆ ಜೀವಮಾನಕ್ಕೆ 15,000 ಅಂತ ಇನ್ನೊಂದು ಇದೆ, ಅದೂ ಪ್ಲಾನ್‌ನಲ್ಲಿ ಇದ್ರೆ ಮಾತ್ರ, ಕೇಳಿ ನೋಡೋಕೆ ಹೇಳಿ. ನಮ್ಮಲ್ಲಿ ವಯಸ್ಸು ನೋಡಿ ಮಿತಿ ಏರಿಸೋ ಪದ್ಧತಿ ಇಲ್ಲ, 25ರ ಹುಡುಗನಿಗೂ 59ರ ಮೇಷ್ಟ್ರಿಗೂ ಅದೇ 1.5 ಲಕ್ಷ. ತಂಗಿ ಈ ಒಂದು ವಿಷಯದಲ್ಲಿ ಗೆದ್ರು ಅಂತ ಒಪ್ಕೊಂಡ್ಬಿಡಿ.

ಪ್ರಶ್ನೆ: ಚನ್ನರಾಯಪಟ್ಟಣ. ಹೋದ ತಿಂಗಳು ರಿಟೈರ್ ಆದೆ, 60 ವರ್ಷ. ಎಲ್ಲ ಸೇರಿ 38 ಲಕ್ಷ ಬರುತ್ತೆ. ನನ್ನ ಹೆಂಡ್ತಿಗೆ 57, ಮನೇಲೇ ಇದಾಳೆ. ಇಬ್ಬರ ಹೆಸರಲ್ಲೂ ಸೀನಿಯರ್ ಸಿಟಿಜನ್ ಸ್ಕೀಮ್‌ಗೆ ಪೂರ್ತಿ ಹಾಕಬಹುದಾ?

ಉತ್ತರ: ಜಾಯಿಂಟ್ ಮಾಡಬಹುದು, ಆದ್ರೆ ದುಡ್ಡು ಪೂರ್ತಿ ಮೊದಲ ಹೆಸರಿನವರ ಲೆಕ್ಕಕ್ಕೇ ಹೋಗುತ್ತೆ, ಅಂದ್ರೆ ನಿಮ್ಮ 30 ಲಕ್ಷದ ಮಿತಿ ಒಳಗೇ. ಮುಂಚೆ 15 ಲಕ್ಷ ಇತ್ತು, 2023ರ ಏಪ್ರಿಲ್‌ನಿಂದ 30 ಮಾಡಿದ್ರು. ಮನೆಯವರಿಗೆ ಅವರದ್ದೇ ಅಕೌಂಟ್ ಬೇಕು ಅಂದ್ರೆ 60 ಆಗೋವರೆಗೆ ಕಾಯ್ಬೇಕು. 30 ಲಕ್ಷಕ್ಕೆ 8.2 ಪರ್ಸೆಂಟ್ ಅಂದ್ರೆ ಮೂರು ತಿಂಗಳಿಗೊಮ್ಮೆ 61,500, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕು. ಐದು ವರ್ಷದ ಅವಧಿ, ರೇಟು ಹಾಕಿದ ದಿನದ್ದೇ ಕೊನೇವರೆಗೆ. ಬಡ್ಡಿ ವರ್ಷಕ್ಕೆ ಲಕ್ಷ ದಾಟೋದ್ರಿಂದ ಟಿಡಿಎಸ್ ಹಿಡೀತಾರೆ, ಟ್ಯಾಕ್ಸ್ ಬರಲ್ಲ ಅಂದ್ರೆ ಹಾಗಂತ ಡಿಕ್ಲರೇಶನ್ ಫಾರ್ಮ್ (2025-26ಕ್ಕೆ 15ಎಚ್) ಕೊಡಿ.

ಪೂರ್ತಿ 30 ಹಾಕ್ಬೇಕು ಅಂತೇನಿಲ್ಲ. ಒಂದು ವರ್ಷದೊಳಗೆ ಮುರಿದ್ರೆ ಬಡ್ಡಿನೇ ಇಲ್ಲ, ಕೊಟ್ಟಿದ್ದನ್ನೂ ಅಸಲಲ್ಲಿ ಹಿಡ್ಕೋತಾರೆ, ಒಂದರಿಂದ ಎರಡು ವರ್ಷದಲ್ಲಿ ಅಸಲಲ್ಲಿ ಒಂದೂವರೆ ಪರ್ಸೆಂಟ್, ಆಮೇಲೆ ಒಂದು ಪರ್ಸೆಂಟ್ ಕಟ್. ಹಾಗಾಗಿ ಹತ್ತು ಹತ್ತು ಲಕ್ಷದ ಮೂರು ಅಕೌಂಟ್ ಮಾಡಿ, ಅರ್ಜೆಂಟ್ ಬಂದ್ರೆ ಒಂದನ್ನ ಮುರಿದ್ರೆ ಸಾಕು. ಉಳಿದ 8 ಲಕ್ಷದಲ್ಲಿ ಐದು ಪೋಸ್ಟಾಫೀಸ್ ಮಂತ್ಲಿ ಇನ್ಕಮ್‌ಗೆ, ಮೂರು ಬ್ಯಾಂಕಲ್ಲಿ ಕೈಗೆ ಸಿಗೋ ಹಾಗೆ ಇಡಿ.

ಒಂದು ಎಚ್ಚರಿಕೆ, ನಾನೇ ಬಿದ್ದ ಹಳ್ಳ. ನಾನು ರಿಟೈರ್ ಆದ ವಾರ ಒಂದು ಬ್ಯಾಂಕಿಗೆ ಹೋಗಿ ಎಫ್‌ಡಿ ಮಾಡಿಕೊಡಮ್ಮ ಅಂದೆ. ಆ ಹುಡುಗಿ ಕುರ್ಚಿ ಕೊಟ್ಲು, ಕಾಫಿ ತರಿಸಿದ್ಲು, ಅಂಕಲ್ ಇದು ಎಫ್‌ಡಿಗಿಂತ ಚೆನ್ನಾಗಿದೆ ಅಂತ ಆರು ಕಡೆ ಸೈನ್ ಹಾಕಿಸಿದ್ಲು. ಮೂವತ್ತು ವರ್ಷ ಬೇರೆಯವರ ಬಿಲ್‌ನಲ್ಲಿ ಕಾಮಾ ಫುಲ್‌ಸ್ಟಾಪ್ ಹುಡುಕಿದವನು ನಾನು, ನನ್ನ ಪೇಪರ್ ಓದ್ಲೇ ಇಲ್ಲ. ಮನೆಗೆ ಪಾಲಿಸಿ ಬಂದಾಗ ಗೊತ್ತಾಯ್ತು, ಅದು ಇನ್ಶೂರೆನ್ಸು, ವರ್ಷಕ್ಕೆ ಎರಡು ಲಕ್ಷದ ಹಾಗೆ ಐದು ವರ್ಷ ಕಟ್ಟಬೇಕಂತೆ. ಪಾಲಿಸಿ ಕೈಗೆ ಬಂದ ಮೇಲೆ ವಾಪಸ್ ಕೊಡೋ ಅವಧಿ ಅಂತ ಇರುತ್ತೆ, ಈಗ 30 ದಿನ, ಅದರೊಳಗೆ ಬರೆದುಕೊಟ್ಟಿದ್ದಕ್ಕೆ ದುಡ್ಡು ಬಂತು. ನಿಮಗೂ ಈಗ ಕಾಫಿ ಕೊಡೋರು ಬರ್ತಾರೆ. ಕುಡೀರಿ, ಸೈನ್ ಮಾತ್ರ ಮನೆಗೆ ತಂದು ಓದಿ ಹಾಕಿ.

ಪ್ರಶ್ನೆ: ತರೀಕೆರೆ. ನನ್ನ ಪಿಪಿಎಫ್‌ಗೆ 15 ವರ್ಷ ಆಯ್ತು. ರಿಟೈರ್ ಆದ ಮೇಲೂ ಕಟ್ಟಬಹುದಾ?

ಉತ್ತರ: ಕಟ್ಟಬಹುದು ಅಕ್ಕ, ವರ್ಷಕ್ಕೆ ಅದೇ 1.5 ಲಕ್ಷ, ಐದೈದು ವರ್ಷ ಮುಂದುವರಿಸ್ತಾ ಹೋಗಬಹುದು. ಆದ್ರೆ ಮೆಚ್ಯೂರ್ ಆದ ಒಂದು ವರ್ಷದೊಳಗೆ ಮುಂದುವರಿಸ್ತೀನಿ ಅಂತ ಫಾರ್ಮ್ ಕೊಡ್ಬೇಕು, ಫಾರ್ಮ್ ಕೊಡದೆ ಸುಮ್ಮನೆ ದುಡ್ಡು ಹಾಕಿದ್ರೆ ಆ ದುಡ್ಡಿಗೆ ಬಡ್ಡಿ ಬರಲ್ಲ. ಹಾಕೋದಿದ್ರೆ ತಿಂಗಳ ಐದನೇ ತಾರೀಕಿನೊಳಗೆ ಹಾಕಿ, ಆರಕ್ಕೆ ಹಾಕಿದ್ರೆ ಆ ತಿಂಗಳ ಬಡ್ಡಿ ಹೋಯ್ತು. ನಿಮ್ಮ ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಓಪನ್ ಆದ ತಾರೀಕು ನೋಡಿ, 15 ವರ್ಷ ಎಣಿಸೋದು ಆ ತಾರೀಕಿಂದ ಅಲ್ಲ, ಆ ಹಣಕಾಸು ವರ್ಷ ಮುಗಿಯೋ ಮಾರ್ಚ್ 31ರಿಂದ.